ನಮ್ಮ ಹೆಣ್ಣುಮಕ್ಕಳೂ ರೈಲು ನೋಡಲಿ



ಇಂತಹ ಸ್ಮರಣ ಸಂಚಿಕೆಗಳಲ್ಲಿ ವಿದ್ಯೆ, ಶೀಲ, ಆರೋಗ್ಯ, ಗೃಹಕೃತ್ಯ ಮುಂತಾದ ಗಂಭೀರ ವಿಷಯಗಳನ್ನು ಕುರಿತು ಬರೆಯುವುದು ವಾಡಿಕೆ. ನಾನು ಎತ್ತಿಕೊಂಡಿರುವ ವಿಷಯವು ಅವುಗಳ ಮುಂದೆ ಹಗುರವೆಂದು ಕೆಲವರಿಗೆ ತೋರಬಹುದು. ದಾರಿಯ ಬದಿಯಲ್ಲಿ ನಿಂತು, ಹಾದುಹೋಗುವ ರೈಲುಗಾಡಿಯನ್ನು ಕಣ್ತುಂಬ ನೋಡುವ ಸಂತೋಷವೇ ಆ ವಿಷಯ. ಈ ಸಂತೋಷವನ್ನು ನಮ್ಮ ಸಮಾಜವು ಗಂಡುಮಕ್ಕಳಿಗೆ ಕೇಳದೆಯೇ ಕೊಟ್ಟಿದೆ. ಹೆಣ್ಣುಮಕ್ಕಳಿಗೆ ಕೇಳಿದರೂ ಕೊಡಲು ಹಿಂಜರಿಯುತ್ತದೆ. ಸಂಜೆಯ ಹೊತ್ತು ಯಾವುದಾದರೊಂದು ಊರಿನ ರೈಲು ಸೇತುವೆಯ ಕಡೆಗೆ ಹೋಗಿ ನೋಡಿರಿ. ಅಲ್ಲಿ ನಿಂತಿರುವವರು ಬಹುಮಟ್ಟಿಗೆ ಹುಡುಗರೇ. ಅವರ ಅಕ್ಕತಂಗಿಯರು ಆ ವೇಳೆಯಲ್ಲಿ ಮನೆಗೆಲಸದಲ್ಲಿ ಇರುತ್ತಾರೆ, ಇಲ್ಲವೆ ಮನೆಪಾಠಕ್ಕೆ ಹೋಗಿರುತ್ತಾರೆ. ಇದನ್ನು ಸಣ್ಣ ನಷ್ಟವೆಂದು ಎಣಿಸಲು ನನ್ನ ಮನಸ್ಸು ಒಪ್ಪುವುದಿಲ್ಲ.

ಬಂಗಾಳದ ವಿಭೂತಿಭೂಷಣ ಬಂದ್ಯೋಪಾಧ್ಯಾಯರು ೧೯೨೯ರಲ್ಲಿ ಪ್ರಕಟಿಸಿದ ‘ಪಥೇರ್ ಪಾಂಚಾಲಿ’ ಎಂಬ ಕಾದಂಬರಿಯನ್ನು ವಾಚಕರಲ್ಲಿ ಅನೇಕರು ಬಲ್ಲರು. ಅದರಲ್ಲಿ ದುರ್ಗೆಯೆಂಬ ಬಡ ಹುಡುಗಿಯು ಜ್ವರದಿಂದ ಮಲಗಿರುವಾಗ, ತನಗೆ ಗುಣವಾದ ಮೇಲೆ ಒಂದು ದಿನ ರೈಲುಗಾಡಿಯನ್ನು ತೋರಿಸಬೇಕೆಂದು ತಮ್ಮನಾದ ಅಪುವನ್ನು ಕೇಳಿಕೊಳ್ಳುತ್ತಾಳೆ. ಅವಳಿಗೆ ಗುಣವಾಗುವುದೇ ಇಲ್ಲ. ತಮ್ಮನು ಮುಂದೆ ಅದೇ ರೈಲನ್ನೇರಿ ಊರು ಬಿಟ್ಟು ಹೋಗುತ್ತಾನೆ. ಅಕ್ಕನ ಆಸೆ ಅಲ್ಲಿಯೇ ಉಳಿಯುತ್ತದೆ. ಈ ಭಾಗವನ್ನು ಓದುವಾಗಲೆಲ್ಲ, ದುರ್ಗೆಯ ಹಾಗೆ ಜ್ವರವಿಲ್ಲದಿದ್ದರೂ ರೈಲನ್ನು ನಿಂತು ನೋಡದೆಯೇ ಬೆಳೆದ ಎಷ್ಟೋ ಹುಡುಗಿಯರು ನನ್ನ ನೆನಪಿಗೆ ಬರುತ್ತಾರೆ.

ಇದಕ್ಕೆ ಪ್ರತಿಯಾಗಿ ಇಂಗ್ಲೆಂಡಿನ ಇ. ನೆಸ್ಬಿಟ್ ಎಂಬ ಲೇಖಕಿಯು ೧೯೦೬ರಲ್ಲಿ ಬರೆದು ಪ್ರಕಟಿಸಿದ ‘ದಿ ರೈಲ್ವೇ ಚಿಲ್ಡ್ರನ್’ ಎಂಬ ಕಥೆಯನ್ನು ನೋಡಿರಿ. ಅದರಲ್ಲಿ ಇಬ್ಬರು ಹುಡುಗಿಯರೂ ಒಬ್ಬ ಹುಡುಗನೂ ನಿತ್ಯವೂ ಹಳಿಯ ಬದಿಯ ಬೇಲಿಯ ಬಳಿ ನಿಂತು ಗಾಡಿಗೆ ಕೈಬೀಸುವರು. ಒಂದು ದಿನ ಗುಡ್ಡ ಕುಸಿದು ಹಳಿ ಮುಚ್ಚಿಹೋದಾಗ, ಬರಲಿರುವ ಗಾಡಿಯ ವೇಳೆಯು ಅವರಿಗೆ ಬಾಯಿಪಾಠವಾಗಿತ್ತು. ಹುಡುಗಿಯರು ತಮ್ಮ ಕೆಂಪು ಒಳಲಂಗಗಳನ್ನು ಹರಿದು ಬಾವುಟ ಮಾಡಿ ಬೀಸಿದರು, ಗಾಡಿ ನಿಂತಿತು, ಜನರು ಉಳಿದರು. ಇದು ಕಥೆಯೇ ಆದರೂ ಅದರ ತರ್ಕ ಸರಿಯಾದುದು. ದಿನವೂ ನೋಡುತ್ತಿದ್ದವರಿಗೆ ಮಾತ್ರ ಅಪಾಯದ ದಿನದಲ್ಲಿ ಮಾಡತಕ್ಕದ್ದು ಹೊಳೆಯಿತು.

ರೈಲು ನೋಡುವುದರಿಂದ ಏನು ಕಲಿಯಬಹುದೆಂಬುದಕ್ಕೆ ನನ್ನ ಬಾಲ್ಯದ ಅನುಭವವನ್ನೇ ಹೇಳುತ್ತೇನೆ. ೧೯೭೦ರ ದಶಕದಲ್ಲಿ ನಮ್ಮೂರ ಮೀಟರ್ ಗೇಜ್ ಹಳಿಯ ಮೇಲೆ ಇನ್ನೂ ಹಬೆಯ ಎಂಜಿನುಗಳು ಓಡುತ್ತಿದ್ದುವು. ಚಿತ್ತರಂಜನದ ಕಾರ್ಖಾನೆಯಲ್ಲಿ ಕಡೆಯ ಹಬೆಯ ಎಂಜಿನು ತಯಾರಾದುದು ೧೯೭೨ರಲ್ಲಿ; ಆದರೂ ಹಳೆಯವು ಬಹುಕಾಲ ದುಡಿದುವು. ಶನಿವಾರ ಸಂಜೆ ನಮ್ಮ ಭೂಗೋಳದ ಅಮ್ಮನವರು ನಮ್ಮನ್ನು ಸಾಲಾಗಿ ರೈಲು ಗೇಟಿನವರೆಗೆ ಕರೆದುಕೊಂಡು ಹೋಗಿ, ಬೇಲಿಯ ಹೊರಗೆ ನಿಲ್ಲಿಸುತ್ತಿದ್ದರು. ಕೈಮರದ ತೋಳು ಅಡ್ಡಲಾಗಿದ್ದರೆ ಗಾಡಿ ನಿಲ್ಲಬೇಕು, ಇಳಿದಿದ್ದರೆ ಮುಂದುವರಿಯಬಹುದು ಎಂಬುದನ್ನು ಅಲ್ಲಿ ತಿಳಿದೆವು. ನಿಲ್ಲದ ಗಾಡಿ ಬಂದಾಗ ನಿಲ್ದಾಣದ ಸೇವಕನೊಬ್ಬನು ಬಳೆಯಂತಹ ದೊಡ್ಡ ವೃತ್ತವೊಂದನ್ನು ಎತ್ತಿ ಹಿಡಿಯುತ್ತಿದ್ದನು. ಎಂಜಿನಿನಲ್ಲಿದ್ದವನು ಓಟದಲ್ಲಿಯೇ ಅದರೊಳಗೆ ತೋಳು ತೂರಿಸಿ ಸೆಳೆದುಕೊಳ್ಳುತ್ತಿದ್ದನು. ಆ ಬಳೆಗೆ ಕಟ್ಟಿದ ಚೀಲದಲ್ಲಿ ಲೋಹದ ಗುಂಡೊಂದು ಇರುತ್ತಿತ್ತು. ಒಂಟಿ ಹಳಿಯ ಮೇಲೆ ಮುಂದಿನ ನಿಲ್ದಾಣದವರೆಗೆ ಹೋಗಲು ಅದೇ ಅಪ್ಪಣೆ. ಆ ಗುಂಡು ಕೈಯಲ್ಲಿ ಇಲ್ಲದೆ ಚಾಲಕನು ಮುಂದೆ ಹೋಗಕೂಡದು. ಒಂದು ಗುಂಡು ಹೊರಗಿರುವಾಗ ಯಂತ್ರವು ಇನ್ನೊಂದನ್ನು ಕೊಡದು. ಹೀಗೆ ಎರಡು ಗಾಡಿಗಳು ಎದುರುಬದುರಾಗುವ ಭಯ ತಪ್ಪುತ್ತಿತ್ತು.

ಗಾಡಿ ಹೋದ ಮೇಲೂ ಅಮ್ಮನವರು ನಮ್ಮನ್ನು ಕದಲಗೊಡುತ್ತಿರಲಿಲ್ಲ. ಕಡೆಯ ಡಬ್ಬಿಯ ಹಿಂದಿನ ಕೆಂಪು ದೀಪವನ್ನು ನೋಡಿದ ಮೇಲೆಯೇ ಹೊರಡಬೇಕೆಂಬುದು ಅವರ ನಿಯಮ. ನಿಲ್ದಾಣದವರೂ ಅದನ್ನೇ ನೋಡುವರು. ಅದು ಕಂಡರೆ ಗಾಡಿ ಇಡಿಯಾಗಿ ಬಂದಿತೆಂದು ಅರ್ಥ. ಕಾಣದಿದ್ದರೆ ಕೆಲವು ಡಬ್ಬಿಗಳು ಕಳಚಿ ಹಿಂದೆ ಹಳಿಯ ಮೇಲೆ ಉಳಿದಿರಬಹುದು, ಮುಂದಿನ ಗಾಡಿಗೆ ಅಪಾಯವಾಗಬಹುದು. ಒಂದು ಕೆಲಸವನ್ನು ಕಡೆಯವರೆಗೆ ನೋಡಬೇಕೆಂಬ ಅಭ್ಯಾಸ ನನಗೆ ಬಂದುದು ಆ ಗೇಟಿನ ಬಳಿಯಲ್ಲಿ.

ಶಾಸ್ತ್ರಪಾಠವೂ ಅಲ್ಲಿಯೇ ದೊರೆಯುತ್ತದೆ. ಗಾಡಿಯು ಹತ್ತಿರವಾಗುವಾಗ ಅದರ ಸಿಳ್ಳು ಏರಿದ ಸ್ವರದಲ್ಲಿ ಕೇಳಿಸಿ, ನಮ್ಮನ್ನು ದಾಟಿದೊಡನೆ ಇಳಿದ ಸ್ವರವಾಗುತ್ತದೆ. ಬರುವಾಗ ಶಬ್ದದ ಅಲೆಗಳು ಒತ್ತೊತ್ತಾಗಿಯೂ ಹೋಗುವಾಗ ದೂರದೂರವಾಗಿಯೂ ಕಿವಿಗೆ ತಾಗುವುದೇ ಇದಕ್ಕೆ ಕಾರಣ. ಡಾಪ್ಲರ್ ಎಂಬ ಆಸ್ಟ್ರಿಯಾದ ವಿದ್ವಾಂಸನು ೧೮೪೨ರಲ್ಲಿ ಊಹಿಸಿ ಹೇಳಿದ ಈ ತತ್ತ್ವವನ್ನು, ೧೮೪೫ರಲ್ಲಿ ನೆದರ್ಲೆಂಡಿನ ಬೈಸ್ ಬ್ಯಾಲಟ್ ಎಂಬುವನು ರೈಲಿನ ಮೇಲೆ ಕಹಳೆ ಊದುವವರನ್ನು ಕುಳ್ಳಿರಿಸಿ, ಸ್ವರಜ್ಞಾನವುಳ್ಳವರನ್ನು ಹಳಿಯ ಬದಿಯಲ್ಲಿ ನಿಲ್ಲಿಸಿ ಪರೀಕ್ಷಿಸಿದನು. ಆದಕಾರಣ ಹಳಿಯ ಬದಿಯಲ್ಲಿ ನಿಲ್ಲುವುದು ಸೋಮಾರಿಗಳ ಕೆಲಸವೆಂದು ಯಾರೂ ಹೇಳಲಾಗದು.

ಇನ್ನು ಪೋಷಕರ ಆಕ್ಷೇಪಣೆಗಳಿಗೆ ಬರೋಣ. ಹೊತ್ತು ಹಾಳಾಗುವುದೆಂಬುದು ಮೊದಲನೆಯದು. ವಾರಕ್ಕೆ ಅರ್ಧ ಗಂಟೆ ಹೋದರೆ ಯಾವ ಹುಡುಗಿಯ ಪರೀಕ್ಷೆಯೂ ಕೆಡುವುದಿಲ್ಲ. ನೋಡಿದವರು ಏನೆಂದಾರು ಎಂಬುದು ಎರಡನೆಯದು. ತಾಯಿಯೋ ತಂದೆಯೋ ಜೊತೆಯಲ್ಲಿ ನಿಂತರೆ ಆ ಮಾತು ಹುಟ್ಟುವುದೇ ಇಲ್ಲ. ಹತ್ತು ಮನೆಯವರು ನಿಂತರೆ ಅದೇ ವಾಡಿಕೆಯಾಗುತ್ತದೆ. ಅಪಾಯವೆಂಬುದು ಮೂರನೆಯದು. ಇದು ನ್ಯಾಯವಾದ ಮಾತು. ಈಚೆಗೆ ಮೊಬೈಲಿನಲ್ಲಿ ತಮ್ಮ ಚಿತ್ರ ತೆಗೆದುಕೊಳ್ಳಲು ಹಳಿಯ ಮೇಲೆ ನಿಂತು ಪ್ರಾಣ ಕಳೆದುಕೊಂಡ ತರುಣರ ವಾರ್ತೆಗಳನ್ನು ಓದುತ್ತಿದ್ದೇವೆ. ಹಳಿಯ ಮೇಲೆ ಅನುಮತಿಯಿಲ್ಲದೆ ಕಾಲಿಡುವುದು ೧೯೮೯ರ ರೈಲ್ವೆ ಕಾಯಿದೆಯ ೧೪೭ನೆಯ ಪ್ರಕರಣದಂತೆ ಅಪರಾಧವೂ ಹೌದು. ಬೇಲಿಯ ಹೊರಗೆ, ಪಾದಚಾರಿ ಸೇತುವೆಯ ಮೇಲೆ, ಪ್ಲಾಟ್‌ಫಾರಂ ಚೀಟಿ ಕೊಂಡು ಹಳದಿ ಗೆರೆಯ ಹಿಂದೆ ನಿಲ್ಲಲು ಕಲಿಸುವುದೇ ಇದಕ್ಕೆ ಮದ್ದು. ಎಚ್ಚರವಾಗಿ ನಿಲ್ಲಲು ಕಲಿತ ಹುಡುಗಿಯು, ಕಲಿಯದವಳಿಗಿಂತ ಕ್ಷೇಮವಾಗಿರುವಳು.

ನೋಡಲು ತಕ್ಕ ಸ್ಥಳಗಳಿಗೆ ನಮ್ಮ ನಾಡಿನಲ್ಲಿ ಕೊರತೆಯಿಲ್ಲ. ಹೊನ್ನಾವರದಲ್ಲಿ ನದಿಯ ದಡದಿಂದ, ೨ ಕಿಲೋಮೀಟರಿಗೂ ಮಿಗಿಲಾದ ಶರಾವತಿ ಸೇತುವೆಯ ಮೇಲೆ ಗಾಡಿ ಹೋಗುವುದನ್ನು ನೋಡುವುದು ನನಗೆ ಎಲ್ಲಕ್ಕಿಂತ ಪ್ರಿಯ. ೧೯೯೮ರಲ್ಲಿ ಪೂರ್ಣವಾಗಿ ತೆರೆದ ಕೊಂಕಣ ಮಾರ್ಗದಲ್ಲಿ ಇದೇ ಅತಿ ಉದ್ದದ ಸೇತುವೆ. ತುಂಬಿದ ಲಾರಿಗಳನ್ನೇ ಹೊತ್ತುಕೊಂಡು ಹೋಗುವ ಗಾಡಿಗಳು ೧೯೯೯ರಿಂದ ಆ ಮಾರ್ಗದಲ್ಲಿ ಓಡುತ್ತಿವೆ. ಅವನ್ನು ಕಂಡ ಮಕ್ಕಳು ಚಪ್ಪಾಳೆ ತಟ್ಟದೆ ಇರಲಾರರು. ಕ್ಯಾಸಲ್‌ರಾಕ್ ನಿಲ್ದಾಣದಲ್ಲಿ, ೩೭ ಅಡಿಗೆ ೧ ಅಡಿ ಏರುವ ಘಾಟಿಗಾಗಿ ಗಾಡಿಗೆ ಹೆಚ್ಚಿನ ಎಂಜಿನುಗಳನ್ನು ಜೋಡಿಸುವುದನ್ನು ಕಾಣಬಹುದು. ಹುಬ್ಬಳ್ಳಿಯಲ್ಲಿ ೨೦೨೩ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರಂ ೧,೫೦೭ ಮೀಟರು ಉದ್ದವಾಗಿದ್ದು, ಜಗತ್ತಿನಲ್ಲಿಯೇ ದೊಡ್ಡದೆಂದು ಹೆಸರಾಯಿತು. ಸಕಲೇಶಪುರದ ಕೆಳಗಿನ ೫೫ ಕಿಲೋಮೀಟರಿನ ಘಾಟಿಯಲ್ಲಿ ೫೭ ಸುರಂಗಗಳಿವೆ. ಅದನ್ನು ಗಾಡಿಯೊಳಗೆ ಕುಳಿತೇ ನೋಡತಕ್ಕದ್ದು, ಹಳಿಯ ಮೇಲೆ ನಡೆದು ಅಲ್ಲ. ಹಳೆಯ ಎಂಜಿನುಗಳನ್ನು ಸಮೀಪದಿಂದ ನೋಡಲು ಮೈಸೂರಿನಲ್ಲಿ ೧೯೭೯ರಿಂದಲೂ ಹುಬ್ಬಳ್ಳಿಯಲ್ಲಿ ೨೦೨೦ರಿಂದಲೂ ರೈಲು ವಸ್ತುಸಂಗ್ರಹಾಲಯಗಳಿವೆ.

ಎಂಜಿನಿನೊಳಗೂ ಈಗ ಹೆಣ್ಣುಮಕ್ಕಳು ಇದ್ದಾರೆ. ಏಷ್ಯಾ ಖಂಡದ ಪ್ರಥಮ ರೈಲು ಚಾಲಕಿಯೆಂದು ಪ್ರಸಿದ್ಧರಾದ ಸುರೇಖಾ ಯಾದವರು ಮಹಾರಾಷ್ಟ್ರದ ಸಾತಾರಾ ಜಿಲ್ಲೆಯವರು. ಅವರು ೨೦೧೧ರ ಮಾರ್ಚಿ ೮ರಂದು ಡೆಕ್ಕನ್ ಕ್ವೀನ್ ಗಾಡಿಯನ್ನು ಪುಣೆಯಿಂದ ಮುಂಬಯಿಗೆ ನಡೆಸಿದರು. ೨೦೨೩ರ ಮಾರ್ಚಿ ೧೩ರಂದು ವಂದೇ ಭಾರತ್ ಗಾಡಿಯನ್ನು ಸೊಲ್ಲಾಪುರದಿಂದ ಮುಂಬಯಿಗೆ ತಂದರು. ರೈಲು ನೋಡುವ ಹುಡುಗಿಯರೆಲ್ಲ ಚಾಲಕಿಯರಾಗಬೇಕೆಂದು ನಾನು ಹೇಳುತ್ತಿಲ್ಲ. ಆಗಬಹುದೆಂಬ ಸಂಗತಿಯು ನೋಡುವವಳಿಗೆ ಮೊದಲು ತಿಳಿಯುತ್ತದೆ, ಅಷ್ಟೆ.

ಕಾಲವು ಬದಲಾಗುತ್ತಿದೆ. ಅನೇಕ ಗೇಟುಗಳು ಹೋಗಿ ಕೆಳದಾರಿಗಳಾಗಿವೆ. ತಂಪು ಡಬ್ಬಿಗಳ ಗಾಜು ಮುಚ್ಚಿರುವುದರಿಂದ ಒಳಗಿನವರು ಕೈಬೀಸಿದರೂ ಕಾಣಿಸುವುದು ಕಷ್ಟ. ಇನ್ನು ತಡಮಾಡಿದರೆ ನಿಂತು ನೋಡುವ ಎಡೆಗಳೇ ವಿರಳವಾದಾವು. ಆದಕಾರಣ ಶಾಲೆಯ ವಾರ್ಷಿಕ ಪ್ರವಾಸದಲ್ಲಿ ಒಂದು ದಿನವನ್ನು ರೈಲಿಗಾಗಿ ಮೀಸಲಿಡಬೇಕೆಂದು ಉಪಾಧ್ಯಾಯಿನಿಯರನ್ನೂ, ವಾರದಲ್ಲಿ ಒಂದು ಸಂಜೆ ಮಗಳ ಜೊತೆಯಲ್ಲಿ ತಾವೂ ನಿಲ್ಲಬೇಕೆಂದು ತಾಯಂದಿರನ್ನೂ ಸವಿನಯವಾಗಿ ಕೇಳಿಕೊಳ್ಳುತ್ತೇನೆ. ಹಳೆಯ ವಿದ್ಯಾರ್ಥಿನಿಯರಲ್ಲಿ ಈಗ ಅಜ್ಜಿಯರಾದವರೂ ಮೊಮ್ಮಗಳ ಕೈಹಿಡಿದು ಬರಲಿ. ಗಾಡಿ ಬಂದಾಗ ಕೈಬೀಸಲು ಸಂಕೋಚಪಡಬೇಡಿರಿ. ಕಡೆಯ ಡಬ್ಬಿ ಕಾಣುವವರೆಗೆ ನಿಂತಿರಿ.