ಐವತ್ತರ ಹರೆಯದ ಗುರುಗಳಿಗೆ ಮತ್ತೆ ಪರೀಕ್ಷೆ: ಟಿಇಟಿ ತೀರ್ಪು ಮತ್ತು ನಮ್ಮ ಗಡಿಯ ಶಿಕ್ಷಕರು

ಕೆಲವು ತಿಂಗಳುಗಳಿಂದ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಮೂರೂ ಕಡೆಯ ಶಿಕ್ಷಕ ಸದಸ್ಯರು ನಮ್ಮನ್ನು ಕೇಳುತ್ತಿರುವುದು ಒಂದೇ ಪ್ರಶ್ನೆ: "ಈ ಟಿಇಟಿ ನಮಗೂ ಬರುತ್ತದೆಯೇ?" ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ.

2025ರ ಸೆಪ್ಟೆಂಬರ್ 1ರಂದು ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪಿನ ಸಾರ ಹೀಗಿದೆ. ಒಂದರಿಂದ ಎಂಟನೆಯ ತರಗತಿಯವರೆಗೆ ಕಲಿಸುವ ಶಿಕ್ಷಕರು ಶಿಕ್ಷಣ ಹಕ್ಕು ಕಾಯ್ದೆಗೆ ಮೊದಲೇ ನೌಕರಿಗೆ ಸೇರಿದ್ದರೂ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸಮಯವಿದ್ದರೆ, ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು. ಅಂದರೆ ಗಡುವು 2027ರ ಆಗಸ್ಟ್ ಕೊನೆ. ಪಾಸಾಗದಿದ್ದರೆ ನೌಕರಿ ಬಿಡಬೇಕು, ಇಲ್ಲವೇ ಕಡ್ಡಾಯ ನಿವೃತ್ತಿ. ಅರ್ಹ ಸೇವೆ ಪೂರ್ಣಗೊಂಡವರಿಗೆ ನಿವೃತ್ತಿಯ ಲಾಭಗಳು ಸಿಗುತ್ತವೆ. ಸೇವೆ ಕಡಿಮೆ ಬಿದ್ದವರು ಮನವಿ ಕೊಟ್ಟರೆ ಇಲಾಖೆ ಪರಿಶೀಲಿಸಬಹುದು, ಅಷ್ಟೇ. ಐದು ವರ್ಷಕ್ಕಿಂತ ಕಡಿಮೆ ಸೇವೆ ಉಳಿದವರು ಪರೀಕ್ಷೆ ಇಲ್ಲದೆ ನಿವೃತ್ತಿಯವರೆಗೆ ಇರಬಹುದು, ಆದರೆ ಬಡ್ತಿ ಬೇಕೆಂದರೆ ಅವರೂ ಬರೆಯಬೇಕು. ಮುಖ್ಯಾಧ್ಯಾಪಕರ ಹುದ್ದೆಯ ಹೊಸ್ತಿಲಲ್ಲಿ ನಿಂತವರು ಇದನ್ನು ಗಮನಿಸಬೇಕು. ಒಂಬತ್ತು, ಹತ್ತನೆಯ ತರಗತಿಗಳಿಗೆ ಮಾತ್ರ ಕಲಿಸುವವರಿಗೆ ಇದು ಸಂಬಂಧಿಸಿದ್ದಲ್ಲ.

ಲೆಕ್ಕ ನಮ್ಮ ಹಳೆಯ ಚಟ, ಆದ್ದರಿಂದ ಅದನ್ನೂ ಮಾಡಿ ಕೊಡುತ್ತೇವೆ. ಮಹಾರಾಷ್ಟ್ರದಲ್ಲಿ ಶಿಕ್ಷಕರ ನಿವೃತ್ತಿ 58ಕ್ಕೆ. ತೀರ್ಪಿನ ದಿನದಿಂದ ಎಣಿಸಿದರೆ 1972ರ ಆಗಸ್ಟ್ ತಿಂಗಳಲ್ಲಿ ಅಥವಾ ಅದಕ್ಕಿಂತ ಮೊದಲು ಹುಟ್ಟಿದವರು ಪಾರಾದರು. ಗಡಿಯಾಚೆ ನಿಪ್ಪಾಣಿ, ಸಂಕೇಶ್ವರದ ಕಡೆ ನಿವೃತ್ತಿ 60ಕ್ಕೆ, ಹಾಗಾಗಿ ಅಲ್ಲಿ ಇದೇ ರೇಖೆ 1970ರ ಆಗಸ್ಟ್‌ಗೆ ಬೀಳುತ್ತದೆ. 1971ರಲ್ಲಿ ಹುಟ್ಟಿದ ಅಣ್ಣ ಗಡಹಿಂಗ್ಲಜದಲ್ಲಿ ನಿಶ್ಚಿಂತ, ಅದೇ ವರ್ಷ ಹುಟ್ಟಿದ ಅವರ ಬೀಗರು ಸಂಕೇಶ್ವರದಲ್ಲಿ ಪುಸ್ತಕ ಹಿಡಿಯಬೇಕು! ಸೇವಾ ಪುಸ್ತಕದಲ್ಲಿ ಇರುವ ಜನ್ಮದಿನಾಂಕವೇ ಇಲ್ಲಿ ಲೆಕ್ಕಕ್ಕೆ ಬರುವುದು, ಮನೆಯಲ್ಲಿ ಹೇಳುವುದಲ್ಲ.

ಇನ್ನೊಂದು ಗೊಂದಲ ಅಲ್ಪಸಂಖ್ಯಾತ ಶಾಲೆಗಳದ್ದು. ಧಾರ್ಮಿಕ ಇರಲಿ, ಭಾಷಿಕ ಇರಲಿ, ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸುತ್ತದೆಯೇ ಎಂಬುದನ್ನು ದೊಡ್ಡ ಪೀಠ ತೀರ್ಮಾನಿಸಲಿ ಎಂದು ನ್ಯಾಯಾಲಯ ಬಿಟ್ಟಿದೆ. ಅಲ್ಲಿಯವರೆಗೆ ಅಂಥ ಶಾಲೆಗಳ ಮೇಲೆ ಈ ಗಡುವು ಇಲ್ಲ. ಆದರೆ ಕನ್ನಡ ಮಾಧ್ಯಮ ಎಂದ ಮಾತ್ರಕ್ಕೆ ಶಾಲೆ ಭಾಷಿಕ ಅಲ್ಪಸಂಖ್ಯಾತ ಸಂಸ್ಥೆ ಆಗುವುದಿಲ್ಲ. ಜತ್ತ, ಅಕ್ಕಲಕೋಟೆ ಕಡೆಯ ಜಿಲ್ಲಾ ಪರಿಷದ್ ಕನ್ನಡ ಶಾಲೆಗಳು ಸರ್ಕಾರಿ ಶಾಲೆಗಳೇ, ಅಲ್ಲಿಯ ಗುರುಗಳು ಬರೆಯಲೇಬೇಕು. ಖಾಸಗಿ ಸಂಸ್ಥೆಯವರು ಆಡಳಿತ ಮಂಡಳಿಯ ಬಳಿ ಅಲ್ಪಸಂಖ್ಯಾತ ದರ್ಜೆಯ ಪ್ರಮಾಣಪತ್ರ ಇದೆಯೇ ಎಂದು ಕೇಳಿ, ಕಣ್ಣಾರೆ ನೋಡಿ.

ಈಗ ನಮ್ಮ ಅಭಿಪ್ರಾಯಕ್ಕೆ ಬರೋಣ. ಶಿಕ್ಷಕರು ಕಲಿಯುತ್ತಲೇ ಇರಬೇಕು ಎಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಬಡವರ ಮಗುವಿಗೆ ಒಳ್ಳೆಯ ಗುರು ಸಿಗುವುದು ಆ ಮಗುವಿನ ಹಕ್ಕು. ಆದರೆ 2010ರ ಆಗಸ್ಟ್ 23ರ ಅಧಿಸೂಚನೆಯೇ ಮೊದಲು ನೇಮಕಗೊಂಡವರಿಗೆ ಟಿಇಟಿಯಿಂದ ವಿನಾಯಿತಿ ಕೊಟ್ಟಿತ್ತು. ಅದನ್ನು ನಂಬಿ ಹದಿನೈದು ವರ್ಷ ಪಾಠ ಹೇಳಿದವರಿಗೆ ಈಗ ಎರಡೇ ವರ್ಷದ ಗಡುವು. ನಮ್ಮ ಕಚೇರಿಗಳಲ್ಲಿ ಇಲಾಖಾ ಪರೀಕ್ಷೆಗೂ ವಯಸ್ಸಾದ ಮೇಲೆ ವಿನಾಯಿತಿ ಇತ್ತು.

ಇದೇ ಸರ್ಕಾರಗಳು ಹಿಂದೆ ಬೇರೆ ರೀತಿಯಲ್ಲಿ ನಡೆದುಕೊಂಡ ಉದಾಹರಣೆ ಇದೆ. 2017ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, ತರಬೇತಿ ಇಲ್ಲದ ಶಿಕ್ಷಕರಿಗೆ 2019ರ ಮಾರ್ಚ್‌ವರೆಗೆ ಸಮಯ ಸಿಕ್ಕಿತು. ಆಗ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಡಿ.ಎಲ್.ಇಡಿ ಕೋರ್ಸ್ ತೆರೆದು, ಟಿವಿ ಮತ್ತು ಇಂಟರ್ನೆಟ್ ಮೂಲಕ ಪಾಠ ಮಾಡಿತು. ಲಕ್ಷಾಂತರ ಜನ ನೌಕರಿ ಮಾಡುತ್ತಲೇ ಕಲಿತರು. ಮೊದಲು ಪಾಠ, ಆಮೇಲೆ ಪರೀಕ್ಷೆ. ಈ ಸಲ ಪರೀಕ್ಷೆ ಮಾತ್ರ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ 50 ಗಂಟೆ ವೃತ್ತಿ ತರಬೇತಿ ಪಡೆಯಬೇಕು ಎನ್ನುತ್ತದೆ. ಮಹಾರಾಷ್ಟ್ರದಲ್ಲಿ 12 ವರ್ಷಕ್ಕೆ ವರಿಷ್ಠ ಶ್ರೇಣಿ, 24 ವರ್ಷಕ್ಕೆ ನಿವಡ ಶ್ರೇಣಿಯ ಪಗಾರ ಬೇಕಾದರೆ ತರಬೇತಿ ಮುಗಿಸಲೇಬೇಕು. ನಮ್ಮ ಗುರುಗಳು ಅದನ್ನೆಲ್ಲ ಮಾಡಿದ್ದಾರೆ. ಆ ಗಂಟೆಗಳಿಗೆ ಇಲ್ಲಿ ಒಂದು ಅಂಕವೂ ಇಲ್ಲ. ಮಹಾರಾಷ್ಟ್ರದ ವೈದ್ಯರು ಐದು ವರ್ಷಕ್ಕೆ 30 ಕ್ರೆಡಿಟ್ ಅಂಕ ಕೂಡಿಸಿ ನೋಂದಣಿ ನವೀಕರಿಸುತ್ತಾರೆ, ಯಾರೂ ಅವರನ್ನು ಐವತ್ತನೆಯ ವಯಸ್ಸಿನಲ್ಲಿ ಮತ್ತೆ ಎಂಬಿಬಿಎಸ್ ಪೇಪರಿಗೆ ಕೂರಿಸುವುದಿಲ್ಲ. ತರಬೇತಿಯ ಗಂಟೆಗಳನ್ನು ಕ್ರೆಡಿಟ್ ಎಂದು ಹಿಡಿದು ಪರೀಕ್ಷೆಯ ಒಂದು ಭಾಗಕ್ಕಾದರೂ ಸೇರಿಸಬೇಕು ಎಂಬುದೇ ನಮ್ಮ ಬೇಡಿಕೆ.

ಸಮಯದ ಕಥೆ ಬೇರೆಯೇ. ಈ ಎರಡು ವರ್ಷಗಳ ನಡುವೆಯೇ ಜನಗಣತಿ ಬರುತ್ತದೆ: 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿಯಲ್ಲಿ ಮನೆಪಟ್ಟಿ, 2027ರ ಫೆಬ್ರವರಿಯಲ್ಲಿ ತಲೆ ಎಣಿಕೆ. ಮನೆ ಮನೆ ಹತ್ತುವವರು ಯಾರೆಂದು ನಿಮಗೆ ಗೊತ್ತೇ ಇದೆ. ಜೊತೆಗೆ ಮತದಾರರ ಪಟ್ಟಿ, ಚುನಾವಣೆ.

ಆದರೂ ನ್ಯಾಯ ಸಿಗಲಿ ಎಂದು ಕಾಯುತ್ತಾ ಕೂತರೆ ದಿನ ಕಳೆದುಹೋಗುತ್ತದೆ. ಪರೀಕ್ಷೆ 150 ಅಂಕದ್ದು, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಸಾಮಾನ್ಯ ವರ್ಗಕ್ಕೆ 90 ಬೇಕು. ಒಂದು ಸಲ ಪಾಸಾದರೆ ಆಯುಷ್ಯಪೂರ್ತಿ ಊರ್ಜಿತ. ಒಂದರಿಂದ ಐದರವರಿಗೆ ಮೊದಲ ಪೇಪರ್, ಆರರಿಂದ ಎಂಟರವರಿಗೆ ಎರಡನೆಯದು. ಮಹಾರಾಷ್ಟ್ರ ಟಿಇಟಿಯಲ್ಲಿ ಮೊದಲ ಭಾಷೆಯಾಗಿ ಕನ್ನಡ ಆಯ್ಕೆ ಮಾಡಬಹುದು, ಎರಡನೆಯದಾಗಿ ಮರಾಠಿ ಅಥವಾ ಇಂಗ್ಲಿಷ್. ಗಣಿತ, ಪರಿಸರದ ಪ್ರಶ್ನೆಗಳು ಯಾವ ಭಾಷೆಯಲ್ಲಿ ಬರುತ್ತವೆ ಎಂದು ಅರ್ಜಿ ತುಂಬುವ ಮೊದಲೇ ಮಾಹಿತಿ ಪುಸ್ತಿಕೆಯಲ್ಲಿ ಓದಿಕೊಳ್ಳಿ. ನಮ್ಮವರು ಎಡವುವುದು ಗಣಿತದಲ್ಲಲ್ಲ, ಮನೋವಿಜ್ಞಾನದ ಪದಗಳಲ್ಲಿ. ಧಾರವಾಡದ ಪುಸ್ತಕದಲ್ಲಿ "ಸಂಜ್ಞಾನಾತ್ಮಕ ಬೆಳವಣಿಗೆ" ಎಂದು ಓದಿದವರಿಗೆ ಮರಾಠಿಯ "ಬೋಧಾತ್ಮಕ ವಿಕಾಸ" ಎದುರಾದರೆ, ಪಿಯಾಜೆ ಗೊತ್ತಿದ್ದರೂ ಪ್ರಶ್ನೆ ಗೊತ್ತಾಗುವುದಿಲ್ಲ.

ದಲ್ಲಾಳಿಗಳ ಬಗ್ಗೆ ಒಂದು ಮಾತು. 2019-20ರ ಟಿಇಟಿ ಹಗರಣದಲ್ಲಿ 7,874 ಅಭ್ಯರ್ಥಿಗಳ ಮೇಲೆ ಕ್ರಮವಾಯಿತು. 2025ರ ನವೆಂಬರ್ 23ರ ಪರೀಕ್ಷೆಯ ಹೊತ್ತಿಗೆ ನಮ್ಮದೇ ಕಾಗಲ್ ತಾಲೂಕಿನಲ್ಲಿ ಪೊಲೀಸರು ಪೇಪರ್ ಮಾರಾಟದ ಜಾಲವನ್ನು ಹಿಡಿದರು. ಗಾಬರಿಯಾದವರನ್ನೇ ಇಂಥವರು ಹುಡುಕಿಕೊಂಡು ಬರುತ್ತಾರೆ. ಹಣವೂ ಹೋಗಿ, ನೌಕರಿಯೂ ಹೋಗಿ, ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವ ಗತಿ ಯಾರಿಗೂ ಬರಬಾರದು.

ಸಂಘದ ವತಿಯಿಂದ ಕನ್ನಡ, ಮರಾಠಿ, ಇಂಗ್ಲಿಷ್ ಮೂರು ಭಾಷೆಗಳ ಪದಪಟ್ಟಿಯೊಂದನ್ನು ತಯಾರಿಸುತ್ತಿದ್ದೇವೆ. ಈಗಾಗಲೇ ಪಾಸಾದ ಕಿರಿಯ ಶಿಕ್ಷಕ ಸದಸ್ಯರು ದಯವಿಟ್ಟು ಕೈಜೋಡಿಸಬೇಕು. ಭಾನುವಾರ ಬೆಳಿಗ್ಗೆ ಎರಡು ಗಂಟೆ ಒಟ್ಟಿಗೆ ಕುಳಿತು ಓದುವ ಏರ್ಪಾಡು ಇಚಲಕರಂಜಿಯಲ್ಲಿ ಮೊದಲು ಆರಂಭವಾಗಲಿದೆ, ಗಡಹಿಂಗ್ಲಜದಲ್ಲಿ ಹತ್ತು ಜನ ಸೇರಿದರೆ ಅಲ್ಲಿಯೂ. ಬರುವವರು ಸೇವಾ ಪುಸ್ತಕದ ಮೊದಲ ಪುಟದ ನಕಲು ಮತ್ತು ಡಿ.ಇಡಿ ಪ್ರಮಾಣಪತ್ರ ತರಬೇಕು. ಶುಲ್ಕವಿಲ್ಲ, ಚಹಾ ಇದೆ.