ಮೊದಲು ರೀಲು ಉಳಿಯಲಿ

ಬಡ ದೇಶಗಳ ಚಿತ್ರಗಳು ಹೊರಜಗತ್ತನ್ನು ಮುಟ್ಟಲು ಇಂಗ್ಲಿಷ್ ಉಪಶೀರ್ಷಿಕೆ ಸಾಕೆಂದು ನಮ್ಮ ಎಣಿಕೆ. ಅದಕ್ಕೆ ಮೊದಲು ರೀಲು ಉಳಿಯಬೇಕಲ್ಲ! ಸೆಕೆ, ತೇವಗಳಿಗೆ ಸಿಕ್ಕ ಅಸಿಟೇಟ್ ಫಿಲ್ಮು ಅಸಿಟಿಕ್ ಆಮ್ಲವನ್ನು ಬಿಡುತ್ತದೆ; ಡಬ್ಬಿ ತೆರೆದರೆ ವಿನೆಗರ್ ವಾಸನೆ. ಆ ಆಮ್ಲವೇ ಫಿಲ್ಮು ಹಾಳಾಗುವ ವೇಗವನ್ನು ಹೆಚ್ಚಿಸುತ್ತದೆ. ಉಷ್ಣವಲಯದ ದೇಶಗಳಿಗೆ ಇದೇ ದೊಡ್ಡ ಕಂಟಕ.

ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ 2007ರಲ್ಲಿ ಆರಂಭಿಸಿದ ಯೋಜನೆ ಇಂಥ ಚಿತ್ರಗಳಿಗೆ ಮರುಜೀವ ನೀಡುತ್ತಿದೆ. ಸೆನೆಗಲ್‌ನ ‘ತೂಕಿ ಬೂಕಿ’ (1973) ಹೀಗೆ ಉಳಿಯಿತು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವೂ (1977) ಹೀಗೆಯೇ ಹೊಸ ಕಳೆಯೊಂದಿಗೆ 2024ರಲ್ಲಿ ವೆನಿಸ್ ಉತ್ಸವದ ತೆರೆಯೇರಿತು.

ಉಳಿದ ಕನ್ನಡ ಚಿತ್ರಗಳ ನೆಗೆಟಿವ್‌ಗಳು ಎಲ್ಲಿವೆ? ಅವುಗಳಿಗೆ ತಣ್ಣನೆಯ, ಒಣ ಕೋಣೆ ಒದಗಿಸುವ ಹೊಣೆ ನಮ್ಮದೇ. ಜಗತ್ತಿನ ಚಪ್ಪಾಳೆ ಆಮೇಲಿನ ಮಾತು.