ಸಿಮ್ ಕೊಟ್ಟವರು ಹೊಣೆ ಹೊರಲಿ

ಗುಂಡ್ಯದ ರಬ್ಬರ್ ತೋಟದ ಕೂಲಿಕಾರನ ಮಜೂರಿ ಇಂದು ಬ್ಯಾಂಕಿಗೆ ಬೀಳುತ್ತದೆ. ಅದರ ಬೀಗದ ಕೈ ಅವನ ಮೊಬೈಲ್ ನಂಬರು. ಕಂಪೆನಿಯವರು ಸರಿಯಾಗಿ ವಿಚಾರಿಸದೆ ಅದೇ ನಂಬರಿನ ಸಿಮ್ಮನ್ನು ಇನ್ನೊಬ್ಬನಿಗೆ ಕೊಟ್ಟರೆ ಒಟಿಪಿ ಹೋಗುವುದು ಕಳ್ಳನ ಕೈಗೆ.

ಗ್ರಾಹಕನದೇ ತಪ್ಪೆಂದು ರುಜುವಾತುಪಡಿಸುವ ಹೊರೆಯನ್ನು ರಿಸರ್ವ್ ಬ್ಯಾಂಕು 2017ರ ಜುಲೈಯಲ್ಲಿ ಬ್ಯಾಂಕುಗಳ ಮೇಲೆ ಹೊರಿಸಿತು. ಸಿಮ್ ಕೊಟ್ಟ ಕಂಪೆನಿಗೇಕೆ ಆ ಹೊರೆಯಿಲ್ಲ? ನಕಲಿ ದಾಖಲೆಗೆ ಸಿಮ್ ಕೊಟ್ಟ ವೊಡಾಫೋನ್ ಐಡಿಯಾ ತನ್ನ ಗ್ರಾಹಕನಿಗೆ 27 ಲಕ್ಷ ರೂಪಾಯಿಗೂ ಮೇಲ್ಪಟ್ಟು ಪರಿಹಾರ ಕೊಡಬೇಕೆಂದು ರಾಜಸ್ಥಾನದ ಮಾಹಿತಿ ತಂತ್ರಜ್ಞಾನ ಇಲಾಖೆ 2021ರಲ್ಲಿ ಆಜ್ಞಾಪಿಸಿತು. ಆದರೆ ವರ್ಷಗಟ್ಟಲೆ ವ್ಯಾಜ್ಯ ನಡೆಸುವ ತ್ರಾಣ ಕೂಲಿಕಾರನಿಗೆಲ್ಲಿದೆ?

ಲಾಭ ಕಂಪೆನಿಗೆ, ನಷ್ಟ ಬಡವನಿಗೆ ಎಂಬ ನ್ಯಾಯ ನಮಗೆ ಬೇಡ. ತನ್ನ ತಪ್ಪಿಲ್ಲವೆಂದು ಕಂಪೆನಿಯೇ ರುಜುವಾತುಪಡಿಸಲಿ. ಆಗದಿದ್ದರೆ ಹೋದ ಹಣವನ್ನು ಕಟ್ಟಿಕೊಡಲಿ. ಪಾರ್ಲಿಮೆಂಟು ಈ ಕಾನೂನು ಮಾಡಬೇಕು.